ಮುಂಬಯಿ-ಲಂಡನ್ ದಾರಿ: ದೂರವೂ ಕಾಲವೂ

ಹಿಂದಿನ ಕಾಲದ ಹಳ್ಳಿಗರನ್ನು ಇಂಥ ಊರು ಎಷ್ಟು ದೂರವೆಂದು ಕೇಳಿದರೆ ಅವರು ಮೈಲಿಯ ಲೆಕ್ಕವನ್ನು ಹೇಳುತ್ತಿರಲಿಲ್ಲ. ಹರದಾರಿ, ಗಾವುದ ಎಂಬ ಅಳತೆಗಳು ಬಳಕೆಯಲ್ಲಿದ್ದರೂ ಅವರ ಬಾಯಲ್ಲಿ ಸಾಮಾನ್ಯವಾಗಿ ಬರುತ್ತಿದ್ದ ಉತ್ತರವೇ ಬೇರೆ: ಒಂದು ಮಜಲು, ಎರಡು ಮಜಲು, ಹೊತ್ತಾರೆ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಸೇರಬಹುದು, ಹೊಳೆ ಬಂದಿದ್ದರೆ ಮಾತ್ರ ಹೇಳಲಾಗದು. ಈ ಉತ್ತರವನ್ನು ಅಜ್ಞಾನವೆಂದು ನಗುವುದಕ್ಕಿಲ್ಲ. ದಾರಿಯೆಂದರೆ ನೆಲದ ಉದ್ದದ ಜೊತೆಗೆ ನಡುವಣ ಹೊಳೆ, ಕಾಡು, ಸುಂಕದ ಕಟ್ಟೆ, ರಾತ್ರಿ ತಂಗುವ ಛತ್ರ, ಎತ್ತಿಗೆ ನೀರು, ಈ ಎಲ್ಲವೂ ಸೇರಿದ್ದು ಎಂಬ ತಿಳಿವು ಅದರಲ್ಲಿ ಅಡಗಿದ್ದಿತು.

ವಿಮಾನವು ಬಂದ ಮೇಲೆ ಈ ತಿಳಿವು ಹಳತಾಯಿತೆಂದು ತೋರುವುದು ಸಹಜ. ಆಕಾಶದಲ್ಲಿ ಹೊಳೆಯಿಲ್ಲ, ಕಾಡಿಲ್ಲ. ಹಕ್ಕಿಯಂತೆ ನೇರವಾಗಿ ಹಾರುವ ಯಂತ್ರಕ್ಕೆ ದೂರವನ್ನು ವೇಗದಿಂದ ಭಾಗಿಸಿದರೆ ಕಾಲವು ದೊರೆಯಬೇಕು. ಶಾಲೆಯ ಗಣಿತವು ಹೇಳುವುದೂ ಅದನ್ನೇ. ಆದರೆ ಮುಂಬಯಿ ಮತ್ತು ಲಂಡನ್ ನಗರಗಳ ನಡುವಣ ದಾರಿಯ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ ಗಣಿತಕ್ಕಿಂತಲೂ ಹಳ್ಳಿಗರ ಲೆಕ್ಕವೇ ಸತ್ಯಕ್ಕೆ ಹತ್ತಿರವೆಂದು ಕಾಣಬರುತ್ತದೆ.

ಭೂಗೋಳದ ಮೇಲೆ ಈ ಎರಡು ನಗರಗಳಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದರ ಉದ್ದ ಸುಮಾರು 4,480 ಮೈಲಿ, ಎಂದರೆ 7,200 ಕಿಲೋಮೀಟರು ಆಗುತ್ತದೆ. ಆ ದಾರವು ಮುಂಬಯಿಯಿಂದ ವಾಯವ್ಯಕ್ಕೆ ಹೊರಟು ಕರಾಚಿಯ ಹತ್ತಿರ ಹಾದು, ಇರಾನ್ ದೇಶವನ್ನು ಅಡ್ಡವಾಗಿ ದಾಟಿ, ಕಾಕಸಸ್ ಸೀಮೆಯನ್ನೂ ಕಪ್ಪು ಸಮುದ್ರವನ್ನೂ ಮೀರಿ ಮಧ್ಯ ಯೂರೋಪಿನ ಮೇಲೆ ಸಾಗಿ ಲಂಡನ್ನನ್ನು ಮುಟ್ಟುತ್ತದೆ. ಈ ಉದ್ದವು ಯಾವ ರಾಜನ ಕಾಲದಲ್ಲಿಯೂ ಒಂದು ಗೇಣು ಹೆಚ್ಚಲಿಲ್ಲ, ಒಂದು ಗೇಣು ಕಡಮೆಯಾಗಲಿಲ್ಲ. ಅದನ್ನು ಕ್ರಮಿಸುವುದಕ್ಕೆ ಬೇಕಾದ ಕಾಲವಾದರೋ ಅರ್ಧ ವರುಷದಿಂದ ಅರ್ಧ ದಿನಕ್ಕೆ ಇಳಿಯಿತು. ಅದು ಹೇಗೆ ಇಳಿಯಿತು, ನಡುನಡುವೆ ಮತ್ತೆ ಏಕೆ ಏರಿತು ಎಂಬುದೇ ಇಲ್ಲಿಯ ವಿಷಯ.

ಹಾಯಿಯ ಕಾಲ, ಹೊಗೆಯ ಕಾಲ

ವಾಸ್ಕೋ ಡ ಗಾಮನು 1497ರ ಜುಲೈ ತಿಂಗಳಿನಲ್ಲಿ ಲಿಸ್ಬನ್ನನ್ನು ಬಿಟ್ಟು 1498ರ ಮೇ ತಿಂಗಳಿನಲ್ಲಿ ಕಲ್ಲಿಕೋಟೆಯ ಕಡೆಗೆ ಬಂದು ಸೇರಿದ ಮೇಲೆ, ಮೂರು ಶತಮಾನಗಳಿಗೂ ಮಿಕ್ಕಿ ಯೂರೋಪಿನ ಹಡಗುಗಳಿಗೆ ಆಫ್ರಿಕದ ತುದಿಯ ಗುಡ್ ಹೋಪ್ ಭೂಶಿರವನ್ನು ಸುತ್ತಿ ಬರುವ ದಾರಿಯೇ ಗತಿಯಾಯಿತು. ಈ ಮಾರ್ಗವಾಗಿ ಲಂಡನ್ನಿನಿಂದ ಮುಂಬಯಿಗೆ ಸುಮಾರು 10,700 ಕಡಲ ಮೈಲಿ. ಈಸ್ಟ್ ಇಂಡಿಯಾ ಕಂಪೆನಿಯ ಹಾಯಿಹಡಗುಗಳು ಗಾಳಿ ಒದಗಿದರೆ ಐದಾರು ತಿಂಗಳಲ್ಲಿ ತಲಪುತ್ತಿದ್ದುವು. ಒದಗದಿದ್ದರೆ ಮಾನ್ಸೂನಿನ ಸರದಿಗಾಗಿ ಕಾಯುತ್ತ ಕುಳಿತಿರಬೇಕಾಗುತ್ತಿತ್ತು. ಒಂದು ಕಾಗದಕ್ಕೆ ಮರುಕಾಗದ ಬರಬೇಕಾದರೆ ವರುಷ ಕಳೆಯುತ್ತಿತ್ತು. ಅಷ್ಟರಲ್ಲಿ ಕೇಳಿದ ಪ್ರಶ್ನೆಯು ಹಳತಾಗುತ್ತಿತ್ತು. ಕೆಲವು ವೇಳೆ ಕೇಳಿದವನೇ ಇರುತ್ತಿರಲಿಲ್ಲ.

ಹೊಗೆಹಡಗು ಬಂದುದರಿಂದ ಗಾಳಿಯ ಹಂಗು ತಪ್ಪಿತು. ಆದರೆ ಕಲ್ಲಿದ್ದಲಿನ ಹಂಗು ಹುಟ್ಟಿತು. ಮುಂಬಯಿಯಲ್ಲಿಯೇ ಕಟ್ಟಲ್ಪಟ್ಟ ‘ಹ್ಯೂ ಲಿಂಡ್ಸೆ’ ಎಂಬ ಹೊಗೆಹಡಗು 1830ನೆಯ ಮಾರ್ಚಿ 20ರಂದು ಹೊರಟು ಏಪ್ರಿಲ್ 22ರಂದು ಸುಯೆಜ್ ರೇವನ್ನು ಸೇರಿತು. ಈ 33 ದಿನಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಏಡನ್ ಮೊದಲಾದ ರೇವುಗಳಲ್ಲಿ ನಿಂತು ಕಲ್ಲಿದ್ದಲು ತುಂಬುವುದರಲ್ಲಿಯೇ ಕಳೆಯಿತು. ಯಂತ್ರದ ವೇಗವೊಂದೇ ಸಾಲದು, ಅದರ ಹೊಟ್ಟೆಗೆ ಹಾಕುವುದಕ್ಕೆ ದಾರಿಯಲ್ಲಿ ಇಂಧನದ ಕಣಜವೂ ಬೇಕೆಂಬುದು ಅಂದೇ ಸ್ಪಷ್ಟವಾಯಿತು. 1839ರ ಜನವರಿಯಲ್ಲಿ ಬ್ರಿಟಿಷರು ಏಡನ್ನನ್ನು ಹಿಡಿದುಕೊಂಡುದಕ್ಕೆ ಈ ಕಣಜದ ಅಗತ್ಯವು ಒಂದು ಮುಖ್ಯ ಕಾರಣ. ದಾರಿಯನ್ನು ಕಿರಿದುಮಾಡುವ ಉಪಾಯಗಳಲ್ಲಿ ಪರರ ನೆಲವನ್ನು ಕಸಿಯುವುದೂ ಒಂದಾಗಿದ್ದಿತು ಎಂಬುದನ್ನು ಮರೆಯಲಾಗದು.

ಸುಯೆಜಿನಿಂದ ಮುಂದಕ್ಕೆ ಮರುಭೂಮಿ. ಥಾಮಸ್ ವ್ಯಾಗ್‌ಹಾರ್ನ್ ಎಂಬ ಇಂಗ್ಲಿಷ್ ನಾವಿಕನು ಸುಯೆಜಿನಿಂದ ಕೈರೋವಿಗೂ ಅಲ್ಲಿಂದ ಅಲೆಕ್ಸಾಂಡ್ರಿಯಕ್ಕೂ ಟಪಾಲನ್ನೂ ಪ್ರಯಾಣಿಕರನ್ನೂ ಸಾಗಿಸುವ ಏರ್ಪಾಡನ್ನು 1830ರ ಸುಮಾರಿನಿಂದ ಹಟ ಹಿಡಿದು ಬೆಳಸಿದನು. ಒಂಟೆ, ಗಾಡಿ, ನೈಲಿನ ದೋಣಿ, ಮರಳಿನ ನಡುವೆ ತಂಗುಮನೆ, ಇವುಗಳ ನೆರವಿನಿಂದ ಆರು ತಿಂಗಳ ದಾರಿಯು ಒಂದೂವರೆ ತಿಂಗಳ ಆಸುಪಾಸಿಗೆ ಇಳಿಯಿತು. ವ್ಯಾಗ್‌ಹಾರ್ನನಾದರೋ ಸಾಲಗಾರನಾಗಿ 1850ರಲ್ಲಿ ತೀರಿಕೊಂಡನು. 1858ರ ಹೊತ್ತಿಗೆ ಆ ಮರಳಿನ ಮೇಲೆ ರೈಲು ಓಡತೊಡಗಿತು. 1869ನೆಯ ನವೆಂಬರು 17ರಂದು ಸುಯೆಜ್ ಕಾಲುವೆಯು ತೆರೆಯಿತು. ಕಡಲ ದಾರಿಯು ಒಮ್ಮೆಗೇ 10,700 ಮೈಲಿಯಿಂದ ಸುಮಾರು 6,300 ಮೈಲಿಗೆ ತಗ್ಗಿತು. 1870ರಲ್ಲಿ ಕಡಲೊಳಗಿನ ತಂತಿಯು ಮುಂಬಯಿಗೆ ಬಂದು, ಸುದ್ದಿಯು ಮನುಷ್ಯನಿಗಿಂತ ಮುಂದಾಗಿ ಓಡಲಾರಂಭಿಸಿತು. ಮನುಷ್ಯನೂ ಅವನ ಕಾಗದವೂ ಮಾತ್ರ ಮುಂದಿನ ಅರವತ್ತು ವರುಷ ಎರಡು ಮೂರು ವಾರಗಳ ಲೆಕ್ಕದಲ್ಲಿಯೇ ಉಳಿದರು.

ಆಕಾಶದ ಮಜಲುಗಳು

1929ನೆಯ ಮಾರ್ಚಿ 30ರಂದು ಇಂಪೀರಿಯಲ್ ಏರ್‌ವೇಸ್ ಎಂಬ ಬ್ರಿಟಿಷ್ ಸಂಸ್ಥೆಯು ಲಂಡನ್ನಿನ ಕ್ರಾಯ್ಡನ್ನಿನಿಂದ ಕರಾಚಿಗೆ ನಿಯತವಾದ ವಿಮಾನ ಸೌಕರ್ಯವನ್ನು ಆರಂಭಿಸಿತು. ದೂರ ಸುಮಾರು 5,000 ಮೈಲಿ. ಕಾಲ ಏಳು ದಿನ. ಪ್ರಯಾಣಿಕನೊಬ್ಬನಿಗೆ 130 ಪೌಂಡು ಬಾಡಿಗೆ. ಆ ಪ್ರಯಾಣದ ಕ್ರಮವನ್ನು ನೋಡಿದರೆ ಅದನ್ನು ಹಾರಾಟವೆನ್ನುವುದಕ್ಕಿಂತ ಮಜಲು ಪ್ರಯಾಣವೆನ್ನುವುದೇ ಯುಕ್ತ. ಲಂಡನ್ನಿನಿಂದ ಸ್ವಿಟ್ಜರ್‌ಲೆಂಡಿನ ಬಾಸೆಲ್‌ವರೆಗೆ ಮೂರು ಎಂಜಿನುಗಳ ಆರ್ಗೊಸಿ ವಿಮಾನ. ಅಲ್ಲಿಂದ ಇಟಲಿಯ ಜಿನೋವಾವರೆಗೆ ರೈಲು. ಏಕೆಂದರೆ ನಡುವೆ ಆಲ್ಪ್ಸ್ ಪರ್ವತವಿದ್ದಿತು, ಅದರ ಜೊತೆಗೆ ಇಟಲಿಯ ಸರ್ಕಾರದ ನಿರ್ಬಂಧವೂ ಇದ್ದಿತು. ಜಿನೋವಾದಿಂದ ಅಲೆಕ್ಸಾಂಡ್ರಿಯಕ್ಕೆ ನೀರಿನ ಮೇಲೆ ಇಳಿದು ಏಳುವ ಹಾರುದೋಣಿ. ಅಲ್ಲಿಂದ ಕರಾಚಿಗೆ ಹರ್ಕ್ಯುಲಿಸ್ ಎಂಬ ಇನ್ನೊಂದು ಬಗೆಯ ವಿಮಾನ. ಹೀಗೆ ಪ್ರಯಾಣಿಕನು ಒಂದು ವಾರದಲ್ಲಿ ನಾಲ್ಕು ವಾಹನಗಳನ್ನು ಬದಲಾಯಿಸುತ್ತಿದ್ದನು.

ಆ ವಿಮಾನಗಳ ವೇಗ ಗಂಟೆಗೆ ನೂರು ಮೈಲಿಯ ಆಸುಪಾಸಿನದು. ಶಾಲೆಯ ಗಣಿತದಂತೆ 5,000 ಮೈಲಿಗೆ ಐವತ್ತು ಗಂಟೆ ಸಾಕು. ಏಳು ದಿನಗಳೆಂದರೆ 168 ಗಂಟೆ. ಉಳಿದ ನೂರಕ್ಕೂ ಮೇಲ್ಪಟ್ಟ ಗಂಟೆಗಳು ಎಲ್ಲಿ ಹೋದುವು? ರಾತ್ರಿ ಹಾರುವಂತಿರಲಿಲ್ಲ, ಇಳಿದು ಮಲಗಬೇಕು. ಕೆಲವು ನೂರು ಮೈಲಿಗೊಮ್ಮೆ ಪೆಟ್ರೋಲು ತುಂಬಬೇಕು. ಮರಳುಗಾಳಿ ಎದ್ದರೆ ಕಾಯಬೇಕು. ರೈಲಿಗಾಗಿ, ದೋಣಿಗಾಗಿ, ರಹದಾರಿಯ ತನಿಖೆಗಾಗಿ ನಿಲ್ಲಬೇಕು. ಎಂದರೆ ಪ್ರಯಾಣದ ಎರಡು ಪಾಲಿಗೂ ಮಿಕ್ಕ ಕಾಲವು ನೆಲಕ್ಕೇ ಸಂದಿತು. ಆಕಾಶಕ್ಕೆ ದೊರೆತುದು ಉಳಿದ ಅಲ್ಪ ಭಾಗ.

ನೆಲದ ಈ ಋಣವನ್ನು ತೋರಿಸುವುದಕ್ಕೆ ಇರಾಕಿನ ಪಶ್ಚಿಮದ ಮರುಭೂಮಿಗಿಂತ ಒಳ್ಳೆಯ ನಿದರ್ಶನವಿಲ್ಲ. 1921ರಲ್ಲಿ ಬ್ರಿಟಿಷ್ ವಾಯುಪಡೆಯು ಕೈರೋವಿನಿಂದ ಬಾಗ್ದಾದಿಗೆ ಟಪಾಲು ವಿಮಾನಗಳನ್ನು ಆರಂಭಿಸಿದಾಗ, ಗುರುತು ಹಿಡಿಯುವುದಕ್ಕೆ ಒಂದು ಮರವಾಗಲಿ ಹೊಳೆಯಾಗಲಿ ಇಲ್ಲದ ನೂರಾರು ಮೈಲಿಗಳ ಬಯಲಿನಲ್ಲಿ ವೈಮಾನಿಕರು ದಾರಿ ತಪ್ಪುವ ಭಯವಿದ್ದಿತು. ಅದಕ್ಕಾಗಿ ನೆಲದ ಮೇಲೆ ಉದ್ದಕ್ಕೂ ನೇಗಿಲ ಸಾಲನ್ನು ಎಳೆದರು. ಅಲ್ಲಲ್ಲಿ ಇಳಿಯುವ ತಾಣಗಳನ್ನು ಗುರುತು ಮಾಡಿದರು. ವೈಮಾನಿಕನು ಮೇಲಿನಿಂದ ಆ ಗೆರೆಯನ್ನು ನೋಡುತ್ತ ಹಾರುತ್ತಿದ್ದನು. ಬೆಳೆಯನ್ನು ಕಾಣದ ಭೂಮಿಯಲ್ಲಿ ಉತ್ತ ಆ ಸಾಲು ಕಾಗದಗಳನ್ನು ಬೆಳೆಯಿತೆನ್ನಬಹುದು. ಅಲ್ಲಿಯ ರುತ್ಬಾ ಎಂಬ ಬಾವಿಯ ಬಳಿ ಕಟ್ಟಿದ ಕೋಟೆಯು ಮುಂದೆ ವಿಮಾನದ ಪ್ರಯಾಣಿಕರಿಗೆ ಛತ್ರವಾಯಿತು.

ನೆಲದೊಡೆಯರ ಒಪ್ಪಿಗೆಯೂ ನೇಗಿಲ ಸಾಲಿನಷ್ಟೇ ಅಗತ್ಯವಾಗಿದ್ದಿತು. ಲಂಡನ್-ಕರಾಚಿ ಸೌಕರ್ಯವು 1929ಕ್ಕಿಂತ ಎರಡು ವರುಷ ಮೊದಲೇ ಆರಂಭವಾಗಬೇಕಾಗಿದ್ದಿತು. ವಿಮಾನಗಳು ಸಿದ್ಧವಾಗಿದ್ದುವು, ಕೈರೋವಿನಿಂದ ಬಸ್ರಾದವರೆಗೆ ಹಾರಾಟವು 1927ರಲ್ಲಿಯೇ ನಡೆಯುತ್ತಿದ್ದಿತು. ಆದರೆ ಪರ್ಷಿಯಾ ದೇಶದ ಸರ್ಕಾರವು ತನ್ನ ಕರಾವಳಿಯ ಮೇಲೆ ಹಾರಲು ಅನುಮತಿಯನ್ನು ಕೊಡಲಿಲ್ಲ. ಆಮೇಲೆ ಕೊಟ್ಟ ಅನುಮತಿಯೂ ಅಲ್ಪಾವಧಿಯದು. ಅದು ಮುಗಿದಾಗ, 1932ರ ಅಕ್ಟೋಬರಿನಲ್ಲಿ, ಇಡೀ ದಾರಿಯನ್ನು ಕೊಲ್ಲಿಯ ಆಚೆಯ ಅರಬ್ ದಡಕ್ಕೆ ಸಾಗಿಸಬೇಕಾಯಿತು. ಶಾರ್ಜಾದ ಷೇಖನೊಡನೆ ಒಪ್ಪಂದ ಮಾಡಿಕೊಂಡು, ಬಾಡಿಗೆಗೆ ಒಪ್ಪಿ, ಅವನ ಕಾವಲುಗಾರರನ್ನು ನೇಮಿಸಿಕೊಂಡು, ಅಲ್ಲಿ ಕೋಟೆಯಂಥ ತಂಗುಮನೆಯೊಂದನ್ನು ಕಟ್ಟಿದರು. ಆಕಾಶದಲ್ಲಿಯೂ ಸುಂಕದ ಕಟ್ಟೆಗಳಿವೆ ಎಂಬುದು ಹೀಗೆ ವ್ಯಕ್ತವಾಯಿತು.

ಒಂಟಿ ವೈಮಾನಿಕರು

ಸಂಸ್ಥೆಗಳು ಹೀಗೆ ಮಜಲು ಮಜಲಾಗಿ ಹಾರುತ್ತಿದ್ದಾಗಲೇ ಭಾರತೀಯ ತರುಣರು ಅದೇ ದಾರಿಯನ್ನು ಒಬ್ಬಂಟಿಗರಾಗಿ ಹಾರಲು ಮುಂದಾದರು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಂದು ತಿಂಗಳೊಳಗೆ ಒಂಟಿಯಾಗಿ ಹಾರಿದ ಮೊದಲನೆಯ ಭಾರತೀಯನಿಗೆ 500 ಪೌಂಡುಗಳ ಬಹುಮಾನವನ್ನು ಆಗಾಖಾನರು ಸಾರಿದ್ದರು. 1930ರಲ್ಲಿ ಮೂವರು ಇದಕ್ಕಾಗಿ ಯತ್ನಿಸಿದರು: ಮನಮೋಹನ ಸಿಂಗ್, ಆಸ್ಪಿ ಎಂಜಿನಿಯರ್, ಜೆ. ಆರ್. ಡಿ. ಟಾಟಾ.

ಮನಮೋಹನ ಸಿಂಗರು ಕರಾಚಿಯನ್ನು ತಲಪಿದರು. ಆದರೆ ದಾರಿಯಲ್ಲಿ ಕೆಟ್ಟು ಇಳಿಯಬೇಕಾಗಿ ಬಂದು ತಿಂಗಳ ಮೇಲೆ ಒಂದು ದಿನ ಆಗಿಹೋಗಿದ್ದುದರಿಂದ ಬಹುಮಾನವು ಕೈತಪ್ಪಿತು. ಆಸ್ಪಿ ಎಂಜಿನಿಯರರು ಇಂಗ್ಲೆಂಡಿನಿಂದ ಪೂರ್ವಕ್ಕೆ ಬರುತ್ತಿದ್ದರು; ಆಗ ಅವರಿಗೆ ಹದಿನೇಳು ವರುಷ ವಯಸ್ಸು. ಟಾಟಾ ಅವರು ಕರಾಚಿಯಿಂದ ಪಶ್ಚಿಮಕ್ಕೆ ಹೋಗುತ್ತಿದ್ದರು. ಈಜಿಪ್ಟಿನ ಅಬೂಕಿರ್ ಎಂಬಲ್ಲಿ ಇಬ್ಬರೂ ಸಂಧಿಸಿದರು. ಎಂಜಿನಿಯರರು ಸ್ಪಾರ್ಕ್ ಪ್ಲಗ್ಗು ಇಲ್ಲದೆ ಅಲ್ಲಿ ಸಿಕ್ಕಿಬಿದ್ದಿದ್ದರು. ಟಾಟಾ ಅವರು ತಮ್ಮಲ್ಲಿ ಹೆಚ್ಚಿಗೆ ಇದ್ದುದನ್ನು ಎದುರಾಳಿಗೆ ಕೊಟ್ಟರು. ಎಂಜಿನಿಯರರು ಮುಂದೆ ಹಾರಿ ಮೊದಲು ಗುರಿ ಸೇರಿ ಬಹುಮಾನವನ್ನು ಗೆದ್ದರು. ಅವರು 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಬಹುಮಾನವನ್ನು ಕಳೆದುಕೊಂಡವರು ಎರಡು ವರುಷಗಳಲ್ಲಿ ಇದೇ ದಾರಿಯ ಇನ್ನೊಂದು ತುಂಡನ್ನು ಕಟ್ಟಿದರು. ಅಬೂಕಿರಿನ ಆ ಗಳಿಗೆಯನ್ನು ಕೇವಲ ಔದಾರ್ಯದ ಕಥೆಯೆಂದು ಹೇಳಿ ಬಿಡುವುದುಂಟು. ಆದರೆ ಅದರಲ್ಲಿ ದಾರಿಯ ಒಂದು ನಿಯಮವೂ ಇದೆ: ಬಿಡಿಭಾಗವೊಂದಕ್ಕೆ ಪರರನ್ನು ನೆಚ್ಚದೆ ಆಗ ಯಾರೂ ಈ ದೂರವನ್ನು ದಾಟುವಂತಿರಲಿಲ್ಲ.

ಕರಾಚಿಯಿಂದ ಬಳ್ಳಾರಿಗೆ

ಬ್ರಿಟಿಷ್ ವಿಮಾನವು ಕರಾಚಿಯಲ್ಲಿ ಇಳಿಸಿದ ಟಪಾಲು ಅಲ್ಲಿಂದ ಮುಂದಕ್ಕೆ ದಕ್ಷಿಣ ದೇಶಕ್ಕೆ ರೈಲಿನಲ್ಲಿ ಬರಬೇಕಾಗಿದ್ದಿತು. ಲಂಡನ್ನಿನಿಂದ ಏಳು ದಿನಗಳಲ್ಲಿ ಬಂದ ಕಾಗದವು ತನ್ನ ಗುರಿಯ ಬಾಗಿಲಲ್ಲಿ ತಡೆದು ನಿಲ್ಲುತ್ತಿತ್ತು. ಬ್ರಿಟಿಷ್ ವಾಯುಪಡೆಯಲ್ಲಿ ಹಿಂದೆ ಇದ್ದ ನೆವಿಲ್ ವಿನ್ಸೆಂಟ್ ಎಂಬವರು ಕರಾಚಿಯಿಂದ ಮದರಾಸಿಗೆ ವಿಮಾನದಲ್ಲಿ ಟಪಾಲನ್ನು ಒಯ್ಯುವ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದೆ ಇಟ್ಟರು. ಸರ್ಕಾರದ ಸಹಾಯಧನವು ದೊರೆಯಲಿಲ್ಲ. ಕಾಗದಪತ್ರಗಳಲ್ಲಿ ವರುಷಗಳು ಕಳೆದುವು. ಕೊನೆಗೆ 1932ನೆಯ ಅಕ್ಟೋಬರು 15ರ ಬೆಳಗ್ಗೆ ಜೆ. ಆರ್. ಡಿ. ಟಾಟಾ ಅವರು ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಒಂದೇ ಎಂಜಿನಿನ ಪುಟ್ಟ ಪಸ್ ಮಾತ್ ವಿಮಾನದಲ್ಲಿ 55 ಪೌಂಡು ತೂಕದ ಟಪಾಲನ್ನು ಇಟ್ಟುಕೊಂಡು ಹೊರಟರು. ಅಹಮದಾಬಾದಿನಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ತಂದಿದ್ದ ಪೆಟ್ರೋಲನ್ನು ತುಂಬಿಕೊಂಡು, ಮಧ್ಯಾಹ್ನ ಮುಂಬಯಿಯ ಜುಹು ಬಯಲಿನಲ್ಲಿ ಇಳಿದರು. ಅಲ್ಲಿಂದ ಮುಂದಕ್ಕೆ ವಿನ್ಸೆಂಟರು ಟಪಾಲನ್ನು ವಹಿಸಿಕೊಂಡು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು.

ಈ ದಾರಿಯಲ್ಲಿ ಬಳ್ಳಾರಿಗೆ ಸ್ಥಾನ ದೊರೆತುದು ಆಕಸ್ಮಿಕವಲ್ಲ. ಮುಂಬಯಿಯಿಂದ ಮದರಾಸಿಗೆ ನೇರವಾಗಿ ಎಳೆದ ಗೆರೆಯ ಮೇಲೆಯೇ ಎನ್ನುವಷ್ಟು ಸಮೀಪದಲ್ಲಿ ಆ ಊರು ಇದೆ. ಮುಂಬಯಿಯಿಂದ ಸುಮಾರು 380 ಮೈಲಿ, ಮದರಾಸಿಗೆ ಸುಮಾರು 270 ಮೈಲಿ. ದಂಡಿನ ಊರಾದುದರಿಂದ ಇಳಿಯಲು ಬಯಲೂ ಇದ್ದಿತು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ, 1953ರಲ್ಲಿ ಮೈಸೂರಿಗೆ ಬಂದು ಕೂಡಿದ ಈ ಕನ್ನಡ ಊರು, ಲಂಡನ್ನಿನಿಂದ ಹೊರಟ ಕಾಗದವು ಆಕಾಶದಿಂದ ಇಳಿಯುವ ಮಜಲುಗಳಲ್ಲಿ ಒಂದಾಯಿತು. ಬಂಡೆಗಲ್ಲಿನ ಕೋಟೆಯ ಕೆಳಗೆ, ಹತ್ತಿಯ ಹೊಲಗಳ ಸೀಮೆಯಲ್ಲಿ, ಒಂದು ಪುಟ್ಟ ವಿಮಾನವು ಗೂಡು ಸೇರುವ ಹಕ್ಕಿಯಂತೆ ಬಂದು ಇಳಿಯುತ್ತಿದ್ದ ದಿನಗಳು ಅವು. ಮುಂದೆ ಬಳ್ಳಾರಿಯ ಬದಲು ಹೈದರಾಬಾದನ್ನು ನಡುವಣ ತಾಣವಾಗಿ ಆರಿಸಿದರು. ಗೆರೆಯು ಅಲ್ಲಿಂದ ಸ್ವಲ್ಪ ಬಾಗಿತು. ನಿಜಾಮರ ರಾಜಧಾನಿಯ ವ್ಯಾಪಾರವು ನೇರವಾದ ದಾರಿಗಿಂತ ಹೆಚ್ಚು ತೂಗಿತು.

ಮಳೆಗಾಲವು ಬಂದಾಗ ಜುಹುವಿನ ಬಯಲು ಕೆಸರಾಗಿ, ವಿಮಾನವು ಇಳಿಯುವಂತಿರಲಿಲ್ಲ. ಆಗ ಕೆಲಸವನ್ನೆಲ್ಲ ಪುಣೆಗೆ ಸಾಗಿಸುತ್ತಿದ್ದರು. ‘ಹೊಳೆ ಬಂದಿದ್ದರೆ ಹೇಳಲಾಗದು’ ಎಂಬ ಹಳ್ಳಿಗರ ಮಾತು ವಿಮಾನಕ್ಕೂ ಸಲ್ಲುತ್ತಿದ್ದಿತು.

ದಾರಿ ಮತ್ತೆ ಉದ್ದವಾದುದು

1930ರ ದಶಕದ ಕೊನೆಗೆ ದೊಡ್ಡ ಹಾರುದೋಣಿಗಳು ಬಂದು ಇಂಗ್ಲೆಂಡಿನಿಂದ ಕರಾಚಿಯ ದಾರಿಯು ಮೂರು ದಿನಗಳ ಆಸುಪಾಸಿಗೆ ಇಳಿಯಿತು. 1938ರಿಂದ ಸಾಮಾನ್ಯ ಕಾಗದಗಳೂ ಹೆಚ್ಚಿನ ದರವಿಲ್ಲದೆ ವಿಮಾನದಲ್ಲಿಯೇ ಬರತೊಡಗಿದುವು. ಕಾಲವು ಇನ್ನು ಕಡಮೆಯಾಗುತ್ತಲೇ ಹೋಗುವುದೆಂದು ಎಲ್ಲರೂ ಭಾವಿಸಿದ್ದರು. 1940ನೆಯ ಜೂನ್ 10ರಂದು ಇಟಲಿಯು ಯುದ್ಧಕ್ಕೆ ಇಳಿಯಿತು. ಮೆಡಿಟರೇನಿಯನ್ ಸಮುದ್ರದ ಆಕಾಶವು ಒಂದೇ ವಾರದಲ್ಲಿ ಮುಚ್ಚಿಹೋಯಿತು. ಇಂಗ್ಲೆಂಡಿನ ಟಪಾಲು ಹಡಗಿನಲ್ಲಿ ಮತ್ತೆ ಆಫ್ರಿಕದ ತುದಿಯನ್ನು ಸುತ್ತಿ ಡರ್ಬನ್ನಿಗೆ ಬಂದು, ಅಲ್ಲಿಂದ ಹಾರುದೋಣಿಗಳಲ್ಲಿ ಕೈರೋವಿನ ಮಾರ್ಗವಾಗಿ ಕರಾಚಿಗೆ ತಲಪಬೇಕಾಯಿತು. ಕುದುರೆಯ ಲಾಳದ ಆಕಾರದ ಈ ಬಳಸುದಾರಿಯಲ್ಲಿ ಕಾಗದವು ಕೆಲಮಟ್ಟಿಗೆ ವಾಸ್ಕೋ ಡ ಗಾಮನ ಹಾದಿಯನ್ನೇ ಹಿಡಿಯಿತು. ಯಂತ್ರಗಳ ವೇಗವು ತಗ್ಗಿರಲಿಲ್ಲ. ನಡುವಣ ಜನರ ಸ್ನೇಹವು ಮುರಿದಿದ್ದಿತು. ಬಳ್ಳಾರಿಗೆ ಮೊದಲ ಟಪಾಲನ್ನು ತಂದ ವಿನ್ಸೆಂಟರು 1942ರಲ್ಲಿ ಇಂಗ್ಲೆಂಡಿನಿಂದ ಬಾಂಬು ವಿಮಾನವೊಂದರಲ್ಲಿ ಭಾರತಕ್ಕೆ ಹಿಂದಿರುಗಲು ಹೊರಟರು. ಆ ವಿಮಾನವು ಭಾರತವನ್ನು ತಲಪಲಿಲ್ಲ.

ಯುದ್ಧವು ಮುಗಿದು ಎರಡು ವರುಷಗಳಲ್ಲಿ ದೇಶವು ಸ್ವತಂತ್ರವಾಯಿತು, ಇಬ್ಭಾಗವೂ ಆಯಿತು. ಹದಿನೆಂಟು ವರುಷ ಭಾರತದ ಆಕಾಶದ ಹೆಬ್ಬಾಗಿಲಾಗಿದ್ದ ಕರಾಚಿಯು ಬೇರೊಂದು ದೇಶದ ರಾಜಧಾನಿಯಾಯಿತು. ಆ ಹೆಬ್ಬಾಗಿಲಿನ ಪಾತ್ರವು ಮುಂಬಯಿಗೆ ಬಂದಿತು. 1948ನೆಯ ಜೂನ್ 8ರ ರಾತ್ರಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ‘ಮಲಬಾರ್ ಪ್ರಿನ್ಸೆಸ್’ ಎಂಬ ನಾಲ್ಕು ಎಂಜಿನುಗಳ ಕಾನ್‌ಸ್ಟೆಲೇಷನ್ ವಿಮಾನವು 35 ಪ್ರಯಾಣಿಕರೊಡನೆ ಮುಂಬಯಿಯಿಂದ ಹೊರಟು, ಕೈರೋ, ಜಿನೀವಾಗಳಲ್ಲಿ ಇಳಿದು, 10ನೆಯ ತಾರೀಖಿನ ಬೆಳಗ್ಗೆ ಲಂಡನ್ನನ್ನು ಸೇರಿತು. ಬಾಡಿಗೆ 1,720 ರೂಪಾಯಿ. ದಾರವು 4,480 ಮೈಲಿಯೆಂದರೂ ಹಾರಿದ ದಾರಿ ಸುಮಾರು 5,000 ಮೈಲಿ. ಇಂಧನಕ್ಕಾಗಿ ಇಳಿಯಬೇಕಾದ ತಾಣಗಳಿಗೆ ದಾರಿಯು ಬಾಗಲೇಬೇಕಾಗಿದ್ದಿತು. ಆದರೂ ವಾರವು ಒಂದೂವರೆ ದಿನದೊಳಗೆ ಅಡಗಿತು.

ವೇಗದ ಬೆಲೆ

ಜಿನೀವಾಕ್ಕೆ ಬಾಗಿದ ದಾರಿಯ ಪಕ್ಕದಲ್ಲಿ ಯೂರೋಪಿನ ಆಲ್ಪ್ಸ್ ಪರ್ವತಗಳ ಅತ್ಯುನ್ನತ ಶಿಖರವಾದ ಮೋಂಬ್ಲಾಂ ನಿಂತಿದೆ. 1950ನೆಯ ನವೆಂಬರು 3ರಂದು ‘ಮಲಬಾರ್ ಪ್ರಿನ್ಸೆಸ್’ ಲಂಡನ್ನಿನ ದಾರಿಯಲ್ಲಿ ಜಿನೀವಾಕ್ಕೆ ಇಳಿಯಬೇಕಾಗಿದ್ದಾಗ ಕೆಟ್ಟ ಹವೆಯಲ್ಲಿ ಆ ಪರ್ವತಕ್ಕೆ ಬಡಿದು, ಅದರಲ್ಲಿದ್ದ 48 ಮಂದಿಯೂ ಮಡಿದರು. ಪ್ರಯಾಣಿಕರಲ್ಲಿ ಹೆಚ್ಚಿನವರು ಇಂಗ್ಲೆಂಡಿನಲ್ಲಿ ಹಡಗನ್ನು ಸೇರಿಕೊಳ್ಳಲು ಹೋಗುತ್ತಿದ್ದ ಭಾರತೀಯ ಖಲಾಸಿಗಳು. ತಲೆತಲಾಂತರದಿಂದ ಕಡಲಿನ ಮೇಲೆ ಬಾಳಿದ ಜನರು ಕಡಲನ್ನು ಮುಟ್ಟುವುದಕ್ಕಾಗಿ ಆಕಾಶದಲ್ಲಿ ಹೊರಟು ಹಿಮದಲ್ಲಿ ಉಳಿದರು. ಅವರನ್ನು ಹುಡುಕಲು ಹೊರಟ ಶಾಮೊನಿಯ ರೆನೆ ಪಯೋ ಎಂಬ ಪರ್ವತದ ದಾರಿಗನೂ ಆ ಯತ್ನದಲ್ಲಿ ಪ್ರಾಣವನ್ನು ನೀಗಿದನು. ತನ್ನ ದೇಶದವರಲ್ಲದ, ತಾನು ಕಂಡರಿಯದ ಜನರಿಗಾಗಿ ಹೋದವನು ಅವನು.

1960ರಲ್ಲಿ ಜೆಟ್ ವಿಮಾನಗಳು ಈ ದಾರಿಗೆ ಬಂದುವು. ಬೋಯಿಂಗ್ 707 ವಿಮಾನದ ವೇಗವು ಕಾನ್‌ಸ್ಟೆಲೇಷನ್ನಿನ ವೇಗಕ್ಕೆ ಸುಮಾರು ಇಮ್ಮಡಿ. ಹಾರುವ ಎತ್ತರವೂ ಬಹಳ ಹೆಚ್ಚು. ಹೊಸ ಯಂತ್ರವು ಹಳೆಯ ಪರ್ವತವನ್ನು ಗೆದ್ದಿತೆಂದು ತೋರಿತು. 1966ನೆಯ ಜನವರಿ 24ರಂದು ಮುಂಬಯಿಯಿಂದ ದಿಲ್ಲಿ, ಬೇರೂತ್, ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ಹೊರಟಿದ್ದ ‘ಕಾಂಚನಜಂಗಾ’ ಎಂಬ 707 ವಿಮಾನವು ಜಿನೀವಾಕ್ಕೆ ಇಳಿಯಲು ಎತ್ತರವನ್ನು ತಗ್ಗಿಸುತ್ತಿದ್ದಾಗ ಅದೇ ಪರ್ವತಕ್ಕೆ ಬಡಿಯಿತು. ಶಿಖರವನ್ನು ದಾಟಿಯಾಯಿತೆಂದು ಚಾಲಕರು ತಿಳಿದಿದ್ದರು. ಶಿಖರವು ಇನ್ನೂ ಮುಂದಿದ್ದಿತು. ನೆಲದಿಂದ ಬಂದ ಸೂಚನೆಯು ಇವರಿಗೆ ಸರಿಯಾಗಿ ಅರ್ಥವಾಗಿರಲಿಲ್ಲ. 117 ಮಂದಿ ಮಡಿದರು. ಭಾರತದ ಅಣುವಿಜ್ಞಾನದ ಸ್ಥಾಪಕರಾದ ಹೋಮಿ ಭಾಭಾ ಅವರು ಅವರಲ್ಲೊಬ್ಬರು. ಇಂಗ್ಲೆಂಡಿನಿಂದ ಕರಾಚಿಗೆ ಏಳು ದಿನ ಬೇಕಾಗಿದ್ದ ಕಾಲದಲ್ಲಿ ಈ ತಪ್ಪಿಗೆ ಅವಕಾಶವೇ ಇರಲಿಲ್ಲ. ಆಗ ಆಲ್ಪ್ಸನ್ನು ರೈಲಿನಲ್ಲಿ ದಾಟುತ್ತಿದ್ದರು.

ಆ ವಿಮಾನದಲ್ಲಿ ಟಪಾಲೂ ಇದ್ದಿತು. ಪರ್ವತದ ಮೇಲಿನ ಹಿಮವು ನಿಂತಂತೆ ಕಂಡರೂ ಹೊಳೆಯಂತೆ ಮೆಲ್ಲಮೆಲ್ಲನೆ ಕೆಳಕ್ಕೆ ಹರಿಯುತ್ತದೆ. ತನ್ನೊಳಗೆ ಸಿಕ್ಕಿದುದನ್ನು ಹೊತ್ತುಕೊಂಡೇ ಬರುತ್ತದೆ. 2012ರ ಆಗಸ್ಟಿನಲ್ಲಿ ಬೋಸೋನ್ ಹಿಮನದಿಯ ಬಳಿ ಭಾರತ ಸರ್ಕಾರದ ವಿದೇಶಾಂಗ ಖಾತೆಯ ಟಪಾಲು ಚೀಲವೊಂದು ದೊರೆಯಿತು. 2020ರಲ್ಲಿ ಇಂದಿರಾ ಗಾಂಧಿಯವರು ಪ್ರಧಾನಮಂತ್ರಿಯಾದ ಸುದ್ದಿಯನ್ನು ಹೊತ್ತ 1966ರ ಪತ್ರಿಕೆಗಳು ದೊರೆತುವು. ಕೆಲವು ಗಂಟೆಗಳಲ್ಲಿ ಗುರಿ ಸೇರಬೇಕಾಗಿದ್ದ ಚೀಲವು ಪರ್ವತದಿಂದ ಕಣಿವೆಗೆ ಇಳಿಯುವುದಕ್ಕೆ 46 ವರುಷಗಳನ್ನು ತೆಗೆದುಕೊಂಡಿತು. ಹಾಯಿಹಡಗಿನ ಕಾಲದಲ್ಲಿಯೂ ಯಾವ ಕಾಗದವೂ ಇಷ್ಟು ತಡವಾಗಿ ಬಂದಿರಲಾರದು.

ಇಂದಿನ ಲೆಕ್ಕ

ಈಗ ಮುಂಬಯಿಯಿಂದ ಲಂಡನ್ನಿಗೆ ವಿಮಾನವು ಎಲ್ಲಿಯೂ ಇಳಿಯದೆ ಹಾರುತ್ತದೆ. ಹೋಗುವುದಕ್ಕೆ ಸುಮಾರು ಒಂಬತ್ತೂವರೆಯಿಂದ ಹತ್ತು ಗಂಟೆ. ಬರುವುದಕ್ಕೆ ಅದಕ್ಕಿಂತ ಸ್ವಲ್ಪ ಕಡಮೆ. ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲವಾದ ಗಾಳಿಯು ಬರುವ ವಿಮಾನವನ್ನು ನೂಕುತ್ತದೆ, ಹೋಗುವ ವಿಮಾನವನ್ನು ತಡೆಯುತ್ತದೆ. ಹಾಯಿಹಡಗಿಗೆ ಗಾಳಿಯು ಏನಾಗಿದ್ದಿತೋ ಅದರ ಒಂದಂಶವು ಇನ್ನೂ ಉಳಿದುಬಂದಿದೆ.

ಸುಂಕದ ಕಟ್ಟೆಗಳೂ ಉಳಿದುಬಂದಿವೆ. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನವು ತನ್ನ ಆಕಾಶವನ್ನು ಮುಚ್ಚಿದಾಗ ಭಾರತದಿಂದ ಯೂರೋಪಿಗೆ ಹೋಗುವ ವಿಮಾನಗಳು, ವಿಶೇಷವಾಗಿ ದಿಲ್ಲಿಯಿಂದ ಹೊರಡುವವು, ದಕ್ಷಿಣಕ್ಕೆ ಬಳಸಿ ಹೋಗಬೇಕಾಯಿತು. 2025ನೆಯ ಏಪ್ರಿಲ್ 24ರಂದು ಅದೇ ದೇಶವು ಭಾರತೀಯ ಸಂಸ್ಥೆಗಳ ವಿಮಾನಗಳಿಗೆ ಮತ್ತೆ ತನ್ನ ಆಕಾಶವನ್ನು ನಿಷೇಧಿಸಿತು. ಅನ್ಯದೇಶಗಳ ವಿಮಾನಗಳಿಗೆ ಆ ನಿಷೇಧವು ಅನ್ವಯಿಸಲಿಲ್ಲ. ಹೀಗೆ ಒಂದೇ ನಿಲ್ದಾಣದಿಂದ ಒಂದೇ ಗುರಿಗೆ ಹೊರಡುವ ಎರಡು ವಿಮಾನಗಳಿಗೆ, ಅವುಗಳ ಮೈಮೇಲಿನ ಬಾವುಟದ ದೆಸೆಯಿಂದ, ದೂರವು ಬೇರೆಬೇರೆಯಾಯಿತು. 1927ರಲ್ಲಿ ಪರ್ಷಿಯಾ ದೇಶವು ತಡೆದುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಕಡಲಿನ ಮಾತೂ ಹೀಗೆಯೇ. 1967ರ ಯುದ್ಧದಲ್ಲಿ ಮುಚ್ಚಿದ ಸುಯೆಜ್ ಕಾಲುವೆಯು 1975ರವರೆಗೆ ತೆರೆಯಲಿಲ್ಲ. ಎಂಟು ವರುಷ ಹಡಗುಗಳು ಮತ್ತೆ ಆಫ್ರಿಕವನ್ನು ಸುತ್ತಿದುವು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆದಾಗಲೂ ಅನೇಕ ಹಡಗುಗಳು ಅದೇ ಹಳೆಯ ಸುತ್ತಿಗೆ ಮರಳಿದುವು.

ಇದರಿಂದ ತಿಳಿಯತಕ್ಕುದೇನೆಂದರೆ, ಎರಡು ನಗರಗಳ ನಡುವಣ ಮೈಲಿಗಳನ್ನು ಭೂಮಿಯು ಗೊತ್ತುಮಾಡಿದೆ. ಗಂಟೆಗಳನ್ನು ಗೊತ್ತುಮಾಡುವವರು ನಡುವೆ ಇರುವ ಜನರು. ಯಂತ್ರವನ್ನು ಕಟ್ಟಿದವನಿಗೆ ಸಲ್ಲುವ ಕೀರ್ತಿಯು ಸಲ್ಲಲಿ. ಅದರ ಜೊತೆಗೆ ಮರಳಿನಲ್ಲಿ ಸಾಲು ಎಳೆದವನು, ಗಾಡಿಯಲ್ಲಿ ಪೆಟ್ರೋಲು ಹೊಡೆದುಕೊಂಡು ಬಂದವನು, ಎದುರಾಳಿಗೆ ಪ್ಲಗ್ಗು ಕೊಟ್ಟವನು, ಹಿಮದಲ್ಲಿ ಹುಡುಕಹೋದವನು, ತನ್ನ ಆಕಾಶವನ್ನು ಪರರಿಗೆ ಬಿಟ್ಟುಕೊಟ್ಟ ದೇಶ, ಇವರೆಲ್ಲರ ಪಾಲೂ ಆ ಒಂಬತ್ತೂವರೆ ಗಂಟೆಗಳಲ್ಲಿ ಸೇರಿದೆ. ಆ ಪಾಲುಗಳಲ್ಲಿ ಒಂದನ್ನು ಹಿಂತೆಗೆದರೆ ಗಂಟೆಗಳು ಹೆಚ್ಚುತ್ತವೆ. ಎಲ್ಲವನ್ನೂ ಹಿಂತೆಗೆದರೆ ಮತ್ತೆ ಆರು ತಿಂಗಳು. ವೇಳಾಪಟ್ಟಿಯನ್ನು ಅಚ್ಚು ಹಾಕುವವರು ಈ ಸಂಗತಿಯನ್ನು ಅದರಲ್ಲಿ ನಮೂದಿಸುವುದಿಲ್ಲ. ಹೊಳೆಯನ್ನು ನೋಡಿ ದಾರಿಯ ಉದ್ದವನ್ನು ಹೇಳುತ್ತಿದ್ದ ಹಳ್ಳಿಗರಿಗೆ ಅದು ತಿಳಿದಿದ್ದಿತು.